ತಮ್ಮವರದೇ ಕ್ಷಿಪಣಿಗೆ ಬಲಿಯಾದವರು

1994ರ ಏಪ್ರಿಲ್ 14ರ ಬೆಳಿಗ್ಗೆ ಉತ್ತರ ಇರಾಕಿನ ಬೆಟ್ಟಸಾಲಿನ ನಡುವೆ ಅಮೆರಿಕದ ಎರಡು ಎಫ್-15 ಯುದ್ಧವಿಮಾನಗಳು ಅಮೆರಿಕದ್ದೇ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗಳನ್ನು ಹೊಡೆದುರುಳಿಸಿದವು. ಸತ್ತವರು 26 ಮಂದಿ: ಅಮೆರಿಕದ 15, ಕುರ್ದರು 5, ತುರ್ಕಿಯ 3, ಬ್ರಿಟನ್ನಿನ 2, ಫ್ರಾನ್ಸಿನ ಒಬ್ಬರು. ಕುರ್ದರನ್ನು ಸದ್ದಾಂ ಹುಸೇನನ ಸೇನೆಯಿಂದ ಕಾಪಾಡಲು ಮಿತ್ರರಾಷ್ಟ್ರಗಳು ಹಾರಾಟ ನಿಷೇಧಿಸಿದ್ದ ವಲಯವದು.

ಪೈಲಟ್‌ಗಳು ಅವನ್ನು ಇರಾಕಿನ ಬಳಿಯಿದ್ದ ಸೋವಿಯತ್ ನಿರ್ಮಿತ ‘ಹೈಂಡ್’ ಹೆಲಿಕಾಪ್ಟರ್ ಎಂದು ತಿಳಿದರು. ಎರಡೂ ಪಕ್ಕದಲ್ಲಿ ಹೆಚ್ಚುವರಿ ಇಂಧನ ಟ್ಯಾಂಕ್ ಹೊತ್ತ ಬ್ಲ್ಯಾಕ್ ಹಾಕ್, ಭಾರೀ ವೇಗದಲ್ಲಿ ಹಾದುಹೋಗುವ ಕಣ್ಣಿಗೆ ಹಾಗೆ ಕಂಡಿದ್ದರೆ ಅಚ್ಚರಿಯಿಲ್ಲ. ಕಣ್ಣು ಮೋಸ ಹೋಗುತ್ತದೆಂದೇ ಅಲ್ಲವೇ ಉಳಿದ ಏರ್ಪಾಡುಗಳಿರುವುದು? ನನಗೆ ಸಂಕಟವಾಗುವುದು ಅವುಗಳ ಕಥೆ ಓದಿದಾಗ. ಶತ್ರುವೋ ಮಿತ್ರನೋ ಎಂದು ಕೇಳುವ ಉಪಕರಣಕ್ಕೆ ಇರಾಕಿನೊಳಗೆ ಬೇರೆ ಸಂಕೇತ ಹಾಕಬೇಕಿತ್ತು. ಹೆಲಿಕಾಪ್ಟರ್ ಸಿಬ್ಬಂದಿಗೆ ಅದನ್ನು ಯಾರೂ ಹೇಳಿರಲಿಲ್ಲ. ಯುದ್ಧವಿಮಾನಗಳ ರೇಡಿಯೋ ಒಂದು ತರಂಗಾಂತರದಲ್ಲಿ, ಹೆಲಿಕಾಪ್ಟರ್‌ಗಳದು ಇನ್ನೊಂದರಲ್ಲಿ. ಎತ್ತರದಲ್ಲಿ ಸುತ್ತುತ್ತಿದ್ದ ಅವಾಕ್ಸ್ ರಾಡಾರ್ ವಿಮಾನಕ್ಕೆ ತಿಳಿಸಿಯೇ ಹೆಲಿಕಾಪ್ಟರ್‌ಗಳು ವಲಯದೊಳಗೆ ಬಂದಿದ್ದವು. ಎಫ್-15ರ ರಾಡಾರಿಗೆ ಅವು ಸಿಕ್ಕಾಗಿನಿಂದ ಕ್ಷಿಪಣಿ ಹಾರುವವರೆಗೆ ಸುಮಾರು 8 ನಿಮಿಷ. ಅಷ್ಟು ಹೊತ್ತಿನಲ್ಲಿ ‘ತಡೆಯಿರಿ, ಅವರು ನಮ್ಮವರು’ ಎಂಬ ಮಾತು ಅವಾಕ್ಸ್‌ನಿಂದ ಬರಲಿಲ್ಲ.

ಭೂಸೇನೆಯ ಹೆಲಿಕಾಪ್ಟರ್, ವಾಯುಸೇನೆಯ ಯುದ್ಧವಿಮಾನ, ಒಂದೇ ಸೂರಿನಡಿ ಎರಡು ಒಲೆ. ಒಬ್ಬರ ದಿನಚರಿ ಇನ್ನೊಬ್ಬರಿಗೆ ಪೂರ್ತಿ ತಿಳಿಯದೆ ಮೂರು ವರ್ಷ ನಡೆದುಹೋಗಿತ್ತು. ಇಷ್ಟಾಗಿಯೂ ಸೇನಾ ನ್ಯಾಯಾಲಯದ ಕಟಕಟೆಗೆ ಬಂದದ್ದು ಅವಾಕ್ಸ್‌ನಲ್ಲಿದ್ದ ಒಬ್ಬ ಕ್ಯಾಪ್ಟನ್ ಮಾತ್ರ. 1995ರಲ್ಲಿ ಆತನೂ ಖುಲಾಸೆಯಾದ. ಆ ಬಳಿಕ ವಾಯುಸೇನಾ ಮುಖ್ಯಸ್ಥ ರೊನಾಲ್ಡ್ ಫೋಗಲ್‌ಮನ್ ಸ್ವತಃ ಮಧ್ಯೆ ಬಂದು ಹಲವರನ್ನು ಹಾರಾಟದ ಕೆಲಸದಿಂದ ಕೆಳಗಿಳಿಸಿದರು. ಕ್ರಮ ಸರಿ, ಆದರೆ ಗುಂಡಿ ಒತ್ತಿದವರ ಮತ್ತು ಪರದೆ ನೋಡುತ್ತಿದ್ದವರ ಆಚೆಗೂ ಅದು ಹೋಗಬೇಕಿತ್ತು. ಸಂಕೇತದ ಹಾಳೆ ಸೇರಬೇಕಾದವರ ಕೈ ಸೇರಿತೇ ಎಂದು ನೋಡಬೇಕಾಗಿದ್ದವರು ದೊಡ್ಡ ಹುದ್ದೆಯವರು.

ನಮ್ಮಲ್ಲೂ ಇದು ನಡೆದಿದೆ. 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡ್ಗಾಂನಲ್ಲಿ ವಾಯುಸೇನೆಯ ಎಂಐ-17 ಹೆಲಿಕಾಪ್ಟರನ್ನು ನಮ್ಮದೇ ನೆಲದ ಕ್ಷಿಪಣಿ ಉರುಳಿಸಿತು. ಆರು ಯೋಧರೂ ಒಬ್ಬ ನಾಗರಿಕರೂ ಸತ್ತರು. ಅದು ನಮ್ಮ ದೊಡ್ಡ ತಪ್ಪು ಎಂದು ವಾಯುಸೇನಾ ಮುಖ್ಯಸ್ಥ ರಾಕೇಶ್ ಭದೌರಿಯಾ ಬಹಿರಂಗವಾಗಿ ಒಪ್ಪಿಕೊಂಡದ್ದು ಅಕ್ಟೋಬರಿನಲ್ಲಿ. ಒಪ್ಪಿಕೊಂಡದ್ದು ದೊಡ್ಡತನವೇ, ಆದರೆ ಏಳು ತಿಂಗಳು ಬೇಕಿತ್ತೇ? ಶತ್ರು-ಮಿತ್ರರ ಗುರುತು ಹಿಡಿಯುವ ಉಪಕರಣಗಳನ್ನು ಬೆಂಗಳೂರಿನ ಬಿಇಎಲ್ ತಯಾರಿಸುತ್ತದೆ. ಅವನ್ನು ಯಾವಾಗ, ಯಾವ ಸಂಕೇತದಲ್ಲಿ ಬಳಸಬೇಕೆಂದು ಎಲ್ಲ ಘಟಕಗಳಿಗೂ ಮುಟ್ಟಿಸುವ ಕೆಲಸ ಕಾರ್ಖಾನೆಯದಲ್ಲ.

ಬ್ಲ್ಯಾಕ್ ಹಾಕ್ ತನಿಖೆಯ ವರದಿಯನ್ನು ಅಮೆರಿಕ ಮೂರು ತಿಂಗಳಲ್ಲಿ ಜನರ ಮುಂದಿಟ್ಟಿತ್ತು. ಬಡ್ಗಾಂ ವರದಿಯಲ್ಲಿ ಗುಟ್ಟಾಗಿ ಇಡಬೇಕಾದ್ದನ್ನು ಬಿಟ್ಟು ಉಳಿದದ್ದನ್ನು ರಕ್ಷಣಾ ಸಚಿವಾಲಯ ಪ್ರಕಟಿಸಲಿ. ಆ ಏಳು ಮನೆಗಳವರು ಅದನ್ನು ಮೊದಲು ಓದಬೇಕು.