ಕಡಂದಲೆಯ ಮಾಣಿ, ಮದರಾಸಿನ ಧಣಿ

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಕಂಬಗಳನ್ನೆಲ್ಲ ಸುತ್ತಿ ಮುಗಿಸಿದ ಪ್ರವಾಸಿಗ ಮುಂದೆ ಹುಡುಕುವುದು ಹೋಟೆಲನ್ನೇ. ಅಲ್ಲಿ ಕೂತು ಮಸಾಲೆದೋಸೆ ಮುರಿಯುವವರಲ್ಲಿ ಎಷ್ಟು ಮಂದಿಗೆ ಗೊತ್ತು, ಈ ತಿಂಡಿಗಳಿಗೆ ಮದರಾಸಿನಲ್ಲಿ ದೊಡ್ಡ ಹೆಸರು ತಂದವರೊಬ್ಬರು ಇದೇ ತಾಲೂಕಿನ ಕಡಂದಲೆಯವರೆಂದು?

ಕಡಂದಲೆ ಕೃಷ್ಣರಾಯರು ಮಠದ ಅಡುಗೆಮನೆಯಲ್ಲಿ ದುಡಿದು, ಬಳಿಕ ಮದರಾಸಿನ ಜಾರ್ಜ್‌ಟೌನಿಗೆ ಹೋಗಿ ಹೋಟೆಲು ಕೆಲಸಕ್ಕೆ ಸೇರಿದರು. 1938ರಲ್ಲಿ ರಾಯಪೇಟೆಯ ದೊಡ್ಡ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ಊಟ-ವಸತಿಯ ಹೋಟೆಲು ತೆರೆದರು. ಬಂಗಲೆಗೆ ಮೊದಲೇ ವುಡ್‌ಲ್ಯಾಂಡ್ಸ್ ಎಂಬ ಹೆಸರಿತ್ತು. ಅದನ್ನು ಬದಲಿಸುವ ಗೋಜಿಗೆ ಅವರು ಹೋಗಲಿಲ್ಲ. ಹೀಗೆ ಯಾವುದೋ ಬಂಗಲೆಯ ಇಂಗ್ಲಿಷ್ ಹೆಸರು ಇಡ್ಲಿ-ಸಾಂಬಾರಿನ ಗುರುತಾಗಿ, ಮಂಗಳೂರು, ಉಡುಪಿಗಳಲ್ಲೂ ಬೋರ್ಡಾಗಿ ನಿಂತಿತು. ಊರಿಂದ ಹೋದ ರುಚಿ ಪರವೂರಿನ ಹೆಸರು ಹೊತ್ತು ಮನೆಗೆ ಮರಳಿದ ತಮಾಷೆ ಇದು.

1962ರಲ್ಲಿ ಕೆಥೆಡ್ರಲ್ ರಸ್ತೆಯ ಸರಕಾರಿ ಜಾಗದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಶುರುವಾಯಿತು. ಮರಗಳ ನೆರಳಲ್ಲಿ ಕಾರು ನಿಲ್ಲಿಸಿದರೆ ತಿಂಡಿಯ ತಟ್ಟೆ ಕಿಟಕಿಗೇ ಬರುತ್ತಿತ್ತು. ಒಂದು ಕಾಫಿ ಹಿಡಿದು ಗಂಟೆಗಟ್ಟಲೆ ಹರಟುವವರ ಅಡ್ಡೆಯೂ ಅದೇ. 2008ರಲ್ಲಿ ಅದು ಮುಚ್ಚಿತು. ದೋಸೆ ಕೆಟ್ಟು ಮುಚ್ಚಿದ್ದಲ್ಲ, ಜಾಗವನ್ನು ಸರಕಾರ ಹಿಂದಕ್ಕೆ ಪಡೆದದ್ದರಿಂದ. 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು.

ಹೋಟೆಲಿನ ಚರಿತ್ರೆ ಎಂದರೆ ರುಚಿಯ ಚರಿತ್ರೆ ಎಂದುಕೊಳ್ಳುವವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನೆಲ, ಬಾಡಿಗೆ, ರೇಷನ್ನು, ಕಾನೂನು ಎಲ್ಲವೂ ಆ ಚರಿತ್ರೆಯೊಳಗಿವೆ. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಎಂಟಿಆರ್ ಆಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ಆ ಅಡುಗೆಮನೆ ರವೆಯಲ್ಲಿ ಇಡ್ಲಿ ಬೇಯಿಸಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದು ಪಾತ್ರೆಗಳ ಶುಚಿಯ ಕಟ್ಟುನಿಟ್ಟು ಹೆಚ್ಚಿಸಿದರು. ತುರ್ತುಪರಿಸ್ಥಿತಿಯಲ್ಲಿ ತಿಂಡಿಯ ದರಕ್ಕೆ ಸರಕಾರ ಕಡಿವಾಣ ಹಾಕಿದಾಗ ನಷ್ಟ ತಾಳದೆ ಹೋಟೆಲಿಗೆ ಕೆಲಕಾಲ ಬಾಗಿಲು ಹಾಕಬೇಕಾಯಿತು; ಪೊಟ್ಟಣದ ಮಿಶ್ರಣಗಳ ವ್ಯಾಪಾರ ಬಲಿತದ್ದು ಆಗಲೇ. ಆ ಪೊಟ್ಟಣದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಹೋಟೆಲು ಮಾತ್ರ ಮಯ್ಯರ ಮನೆಯಲ್ಲೇ ಉಳಿಯಿತು.

ಇವೆಲ್ಲ ದಾಖಲಾದದ್ದು ದೊಡ್ಡ ಊರುಗಳಲ್ಲಿ ನಡೆದದ್ದರಿಂದ. ಊರಲ್ಲೇ ಉಳಿದ ಕುಟುಂಬಗಳ ಹೋಟೆಲುಗಳಿಗೆ ಆ ಭಾಗ್ಯ ಕಡಿಮೆ. ವಿಟ್ಲ, ಬೆಳ್ತಂಗಡಿ, ಮೂಡುಬಿದಿರೆಗಳ ಹೋಟೆಲುಗಳನ್ನು ಒಂದೇ ಅಚ್ಚಿನವು ಎನ್ನುವಂತಿಲ್ಲ. ವಿಟ್ಲದ ಪೇಟೆಗೆ ಅಡಿಕೆಯೇ ಜೀವ; ಅಡಿಕೆಗೆ ಕ್ರಯ ಬಂದ ದಿನ ಹೋಟೆಲಿನ ಮೇಜೂ ತುಂಬುತ್ತದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಬಂದವರಿಗೆಲ್ಲ ಅನ್ನಪೂರ್ಣ ಛತ್ರದಲ್ಲಿ ಊಟ ಸಿಗುತ್ತದೆ. ಪಕ್ಕದಲ್ಲೇ ಧರ್ಮಕ್ಕೆ ಊಟ ಸಿಗುವಾಗ ದುಡ್ಡು ಕೊಟ್ಟು ತಿನ್ನುವ ಗಿರಾಕಿಯನ್ನು ಹಿಡಿದಿಡುವುದು ಸಣ್ಣ ಸಾಹಸವೇ? ಮೂಡುಬಿದಿರೆಯಲ್ಲಿ ಬಸದಿಯ ಯಾತ್ರಿಕರ ಜೊತೆಗೆ ಕಾಲೇಜು ಮಕ್ಕಳ ದಂಡೂ ಇದೆ. ಸಜ್ಜಿಗೆ-ಬಜಿಲ್, ಬನ್ಸ್, ಗೋಳಿಬಜೆ ಮೂರೂ ಕಡೆ ಒಂದೇ ಇರಬಹುದು, ಲೆಕ್ಕಾಚಾರ ಬೇರೆ ಬೇರೆ.

ಇನ್ನೊಂದು ಕೊರತೆಯಿದೆ. ಬರೆದಿಟ್ಟ ಕಥೆಗಳಲ್ಲೂ ಮಾತಾಡುವುದು ಹೆಚ್ಚಾಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು. ಕೃಷ್ಣರಾಯರಂತೆ ಕೆಳಗಿನಿಂದ ಶುರುಮಾಡಿ ಧಣಿಗಳಾದವರು ಬೆರಳೆಣಿಕೆ. ಲೋಟ ತೊಳೆಯುತ್ತಲೇ ಪ್ರಾಯ ಕಳೆದ ಮಾಣಿಗಳಿಗೆ ಲೆಕ್ಕವಿಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ತುಂಬಿದ್ದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಬರುತ್ತಿದ್ದ ಇಂಥ ಹುಡುಗರಿಂದಲೇ. ಮನೆತನದ ಹೋಟೆಲು ಎಂಬ ಹೆಮ್ಮೆಯ ಮಾತಿನಲ್ಲಿ ಅವರ ಮನೆತನ ಸೇರಿಲ್ಲ. ದಿನ ಬೆಳಗಾದರೆ ಅದೇ ಹದ ತರುತ್ತಿದ್ದ ಅಡುಗೆ ಭಟ್ಟರ ಹೆಸರೂ ಬೋರ್ಡಿನಲ್ಲಿಲ್ಲ. ಅವರನ್ನು ಬಿಟ್ಟು ಬರೆದದ್ದು ಹೋಟೆಲಿನ ಚರಿತ್ರೆಯಲ್ಲ, ಒಂದು ಮನೆಯ ವಂಶಾವಳಿ.

ಊರಿನ ಹೋಟೆಲುಗಳ ಚರಿತ್ರೆ ಬರೆದಿಡುವ ಕೆಲಸಕ್ಕೆ ದೊಡ್ಡ ಯೋಜನೆ, ಅನುದಾನ ಏನೂ ಬೇಡ. ಮೂಡುಬಿದಿರೆ, ಪುತ್ತೂರು, ಬಂಟ್ವಾಳದ ಕಾಲೇಜುಗಳ ವಾಣಿಜ್ಯ ವಿದ್ಯಾರ್ಥಿಗಳು ಪರವೂರಿನ ಕಂಪನಿಗಳ ವರದಿ ನಕಲು ಮಾಡುವ ಬದಲು ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ಹೋಗಲಿ. ಕಟ್ಟಡ ಯಾರದ್ದು, ಮೊದಲ ಕಾಫಿಗೆ ಎಷ್ಟು ಕ್ರಯ, ಸೌದೆಯಿಂದ ಗ್ಯಾಸಿಗೆ ಬಂದದ್ದು ಯಾವಾಗ, ಮಕ್ಕಳು ಯಾಕೆ ಬೆಂಗಳೂರಿಗೆ ಹೋದರು, ಈಗ ದೋಸೆ ಹೊಯ್ಯುವವರು ಯಾವ ಊರಿನವರು ಎಂದು ಕೇಳಲಿ. ಧಣಿಯಲ್ಲಿ ಕೇಳಿದ್ದನ್ನು ಒಳಗೆ ಒಲೆಯ ಬಳಿಯೂ ಕೇಳಲಿ. ಊಟದ ಗಡಿಬಿಡಿ ಕಳೆದು, ಸಂಜೆಯ ಗೋಳಿಬಜೆಗೆ ಎಣ್ಣೆ ಇಡುವ ಮೊದಲು ಹೋದರೆ ಅವರಿಗೂ ಒಂದಿಷ್ಟು ಪುರುಸೊತ್ತು ಇರುತ್ತದೆ.