ಟ್ಯಾಂಕಿನ ಪಾಚಿ ಕೆರೆಗೆ ಬೇಡ

ನಮ್ಮ ಕ್ಲಾಸಿನಲ್ಲಿ ಮನೆಯಲ್ಲಿ ಅಕ್ವೇರಿಯಂ ಇಟ್ಟವರು ಆರು ಜನ ಇದ್ದೇವೆ. ಆರೂ ಜನರದ್ದು ಒಂದೇ ಗೋಳು: ಪಾಚಿ. ಆರು ತಿಂಗಳ ಹಿಂದೆ ಮುಷ್ಟಿಯಷ್ಟು ತಂದದ್ದು ಈಗ ಟ್ಯಾಂಕ್ ತುಂಬಿದೆ. “ಇದರಲ್ಲಿ ಮೀನು ಎಲ್ಲಿದೆ?” ಎಂದು ನಮ್ಮ ಅಮ್ಮಿ ಬಂದವರ ಎದುರಿಗೇ ಕೇಳುತ್ತಾರೆ. ಅಕೌಂಟೆನ್ಸಿ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ, ಚಕ್ರಬಡ್ಡಿ ಬೆಳೆಯುವುದೂ ಹೀಗೇ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಉರ್ದುವಿನಲ್ಲಿ ನಾವು ಪಾಚಿಗೆ ‘ಕಾಯೀ’ ಎನ್ನುತ್ತೇವೆ. “ಟ್ಯಾಂಕ್ ತುಂಬಾ ಕಾಯೀ” ಎಂದರೆ ಕನ್ನಡದ ಗೆಳೆಯರು ತೆಂಗಿನಕಾಯಿ ಹುಡುಕುತ್ತಾರೆ! ಆದರೆ ಕನ್ನಡದಲ್ಲೂ ತೊಂದರೆ ಇದೆ. ಗಾಜಿಗೆ ಅಂಟುವ ಹಸಿರು ಲೋಳೆಗೂ ಪಾಚಿ ಎನ್ನುತ್ತೇವೆ, ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಜಾವಾ ಮಾಸ್‌ಗೂ ಪಾಚಿ ಎನ್ನುತ್ತೇವೆ. ಲೋಳೆ ಎಂದರೆ ಆಲ್ಗೆ. ಬೆಳಕು ಹೆಚ್ಚಾದರೆ, ಮೀನು ತಿನ್ನದೆ ಬಿಟ್ಟ ಆಹಾರ ಕೊಳೆತರೆ ಅದು ಬರುತ್ತದೆ. ಜಾವಾ ಮಾಸ್ ಒಂದು ಗಿಡ, ಆಗ್ನೇಯ ಏಷ್ಯಾದ ಕಡೆಯದು. ಅದಕ್ಕೆ ನಿಜವಾದ ಬೇರಿಲ್ಲ, ಮಣ್ಣು ಬೇಕಿಲ್ಲ. ತುಂಡಾದ ಎಳೆ ಕಲ್ಲಿಗೋ ಕಟ್ಟಿಗೆಗೋ ಫಿಲ್ಟರಿನ ಸ್ಪಂಜಿಗೋ ಅಂಟಿಕೊಂಡು ಹೊಸದಾಗಿ ಬೆಳೆಯುತ್ತದೆ. ಗಪ್ಪಿ ಮರಿಗಳು ದೊಡ್ಡ ಮೀನಿನ ಬಾಯಿಗೆ ಸಿಗದೆ ಉಳಿಯುವುದು ಇದರೊಳಗೆ ಅಡಗಿಕೊಂಡೇ.

ಆದ್ದರಿಂದ ಔಷಧಿ ಸುರಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಪಾಚಿ ಕೊಲ್ಲುವ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ. ಸಿಗಡಿ, ಬಸವನಹುಳು ಇದ್ದರೆ ಅವು ಮೊದಲು ಸಾಯುತ್ತವೆ. ಕತ್ತರಿ ಸಾಕು. ಫಿಲ್ಟರ್ ಆಫ್ ಮಾಡಿ ಕತ್ತರಿಸಬೇಕು, ಇಲ್ಲವಾದರೆ ತುಂಡುಗಳು ಟ್ಯಾಂಕ್ ತುಂಬಾ ಓಡಾಡಿ ಮತ್ತೆ ಮೂಲೆ ಮೂಲೆಯಲ್ಲಿ ಅಂಟುತ್ತವೆ. ತೇಲಿದ್ದನ್ನು ಬಲೆಯಲ್ಲಿ ಹಿಡಿದು ತೆಗೆದ ಮೇಲೆ ಫಿಲ್ಟರ್ ಹಾಕಿ. ಲೈಟು ದಿನಕ್ಕೆ ಆರೆಂಟು ಗಂಟೆ ಇದ್ದರೆ ಸಾಕು, ಕಿಟಕಿಯ ಬಿಸಿಲು ಟ್ಯಾಂಕಿಗೆ ಬೀಳಬಾರದು.

ಕತ್ತರಿಸಿದ ಮೇಲೆ ಬಕೆಟ್ಟಿನಲ್ಲಿ ಉಳಿಯುತ್ತದಲ್ಲ, ಅದರ ಬಗ್ಗೆಯೇ ನಾನು ಬರೆಯಲು ಕೂತದ್ದು. ಚರಂಡಿಗೆ ಸುರಿಯುವವರು ಇದ್ದಾರೆ. “ಜೀವ ಇರುವ ಗಿಡ, ಯಾಕೆ ಸಾಯಿಸಬೇಕು” ಎಂದು ಕೆರೆಗೆ ಬಿಡುವವರೂ ಇದ್ದಾರೆ. ಬೇಡವಾದ ಮೀನನ್ನೂ ಹಾಗೇ ಬಿಡುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಶಾಮನೂರಿನವರಿಗೆ ಹತ್ತಿರದ ಕೆರೆ ಎಂದರೆ ಕುಂದುವಾಡ ಕೆರೆ. ಭದ್ರಾ ನಾಲೆಯ ನೀರು ಅಲ್ಲಿ ತುಂಬುತ್ತದೆ, ದಾವಣಗೆರೆಯ ನಲ್ಲಿಗಳಿಗೆ ಅಲ್ಲಿಂದ ಹೋಗುತ್ತದೆ. ಬಕೆಟ್ಟಿನಲ್ಲಿ ಪಾಚಿ ಒಂದೇ ಇರುವುದಿಲ್ಲ. ಬಸವನಹುಳುವಿನ ಮೊಟ್ಟೆ, ತೇಲುವ ಸಣ್ಣ ಗಿಡಗಳ ಚೂರು, ಮೀನಿನ ರೋಗಾಣು ಕೂಡ ಇರಬಹುದು.

“ಒಂದು ಮುಷ್ಟಿಯಿಂದ ಏನಾಗುತ್ತದೆ?” ಎಂದು ಕೇಳುವ ಗೆಳೆಯರಿಗೆ ಬೆಂಗಳೂರಿನ ಹೆಬ್ಬಾಳ, ಬೆಳ್ಳಂದೂರು ಕೆರೆಗಳ ಫೋಟೋ ತೋರಿಸಬಹುದು. ಅಲ್ಲಿ ನೀರು ಮುಚ್ಚಿಹೋಗುವಂತೆ ಬೆಳೆದ ವಾಟರ್ ಹಯಸಿಂತ್ ನಮ್ಮ ದೇಶದ್ದಲ್ಲ, ದಕ್ಷಿಣ ಅಮೆರಿಕದ್ದು. 19ನೇ ಶತಮಾನದ ಕೊನೆಯಲ್ಲಿ ಅದರ ನೇರಳೆ ಹೂವಿನ ಚಂದಕ್ಕೆ ಮರುಳಾಗಿ ಬಂಗಾಳಕ್ಕೆ ತಂದರು. ಅಂದರೆ ಅದೂ ಮೊದಲು ಯಾರದೋ ಮನೆಯ ಅಲಂಕಾರದ ಗಿಡವೇ. ಅದನ್ನು ತಿನ್ನಿಸಲು 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಹೊರದೇಶದಿಂದ ಮೂತಿಹುಳು ತರಿಸಿ ಕೆರೆಗೆ ಬಿಟ್ಟರು. ಇವತ್ತಿಗೂ ಕೆರೆಗಳಿಗೆ ಯಂತ್ರ ಇಳಿಸಿ ಕಳೆ ತೆಗೆಯುತ್ತಲೇ ಇದ್ದಾರೆ. ಹೂವು ತಂದವರ ಲಾಭ ಅವರಿಗೆ, ಖರ್ಚು ಮಾತ್ರ ಎಲ್ಲರ ತೆರಿಗೆಯಿಂದ. ಈ ಲೆಕ್ಕ ನನಗೆ ಸರಿ ಕಾಣುವುದಿಲ್ಲ.

ನನ್ನ ಪ್ರಕಾರ ಇದರ ಅರ್ಧ ಜವಾಬ್ದಾರಿ ಅಂಗಡಿಯವರದ್ದು. ಮೀನಿಗೆ ಎಷ್ಟು ಆಹಾರ ಹಾಕಬೇಕು ಎಂದು ಹೇಳುತ್ತಾರೆ, ಹೆಚ್ಚಾದ ಗಿಡವನ್ನು ಏನು ಮಾಡಬೇಕು ಎಂದು ಹೇಳುವುದಿಲ್ಲ. ವಾಪಸ್ ತೆಗೆದುಕೊಂಡರೆ ಅವರಿಗೂ ನಷ್ಟವಿಲ್ಲ, ಅದನ್ನೇ ಮತ್ತೆ ಮಾರಬಹುದು.

ಅಲ್ಲಿಯವರೆಗೆ ನಮ್ಮ ಕೈಲಾಗುವುದು ಸುಲಭ. ಪಾಚಿಯನ್ನು ಹಳೆಯ ಪೇಪರಿನ ಮೇಲೆ ಹರಡಿ ತಾರಸಿಯ ಬಿಸಿಲಲ್ಲಿ ಎರಡು ಮೂರು ದಿನ ಒಣಗಿಸಿ. ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು. ಆ ಪುಡಿ ಹೂವಿನ ಕುಂಡಕ್ಕೆ ಒಳ್ಳೆಯದು, ನಮ್ಮ ಮನೆಯ ಪುದೀನಾ ಅದರಲ್ಲೇ ಬೆಳೆಯುತ್ತಿದೆ. ಟ್ಯಾಂಕಿನ ಹಳೆ ನೀರನ್ನೂ ಗಿಡದ ಬುಡಕ್ಕೇ ಹಾಕಿ.

ಒಣಗಿಸಲು ಮನಸ್ಸು ಬಾರದವರು, ಹೊಸದಾಗಿ ಟ್ಯಾಂಕ್ ಇಡುವವರನ್ನು ಹುಡುಕಿ ಕೊಡಿ. ನನ್ನ ಹತ್ತಿರ ಈಗಲೂ ಎರಡು ಮುಷ್ಟಿ ಇದೆ. ಬೇಕಾದವರು ಶನಿವಾರ ಮುಚ್ಚಳವಿರುವ ಬಾಟಲಿ ತನ್ನಿ, ದುಡ್ಡು ಬೇಡ.