ಗಣಿತ ಓದಿ ಏನ್ ಮಾಡ್ತಾಳ್ರಿ?

ಹುಡುಗಿಯೊಬ್ಬಳು ಎಂ.ಎಸ್ಸಿ. ಗಣಿತಕ್ಕೆ ಹೋಗುತ್ತೇನೆ ಎಂದರೆ ನಮ್ಮ ಕಡೆ ಮೊದಲು ಬರುವ ಮಾತು, ‘ಓದಿ ಏನ್ ಮಾಡ್ತಾಳ್ರಿ?’ ಅದರ ಬೆನ್ನಿಗೇ ‘ಬಿ.ಎಡ್. ಮಾಡಿದ್ರ ನೌಕರಿಯರ ಸಿಗತೈತಿ’. ಇನ್ನೊಂದು ಮಾತನ್ನು ಪಡಸಾಲೆಯಲ್ಲಿ ಆಡುವುದಿಲ್ಲ, ಅಡುಗೆಮನೆಯಲ್ಲಿ ಆಡುತ್ತಾರೆ: ‘ಅಷ್ಟು ಓದಿದಾಕಿಗೆ ಗಂಡು ಎಲ್ಲಿ ಹುಡುಕೂದು?’ ಇವನ್ನೆಲ್ಲ ಬಾಗಲಕೋಟೆಯಲ್ಲಿ ಕೇಳಿದ್ದೇನೆ, ಬಾದಾಮಿಯಲ್ಲಿ ಕೇಳಿದ್ದೇನೆ, ಹುನಗುಂದ, ಇಳಕಲ್ಲಿನಲ್ಲಿ ಈಗಲೂ ಕೇಳುತ್ತಿದ್ದೇನೆ. ಬಿ.ಎಡ್. ಮಾತನ್ನಂತೂ ನಾನೇ ಆಡಿದ್ದೇನೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿರುವುದು.

ನಾನು ಬಿ.ಎ., ಬಿ.ಎಡ್. ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ವಿಜ್ಞಾನ ಕಲಿಸುವವಳು. ಗಣಿತದ ಪರವಾಗಿ ವಾದಿಸಲು ನಿನಗೇನು ಅಧಿಕಾರ ಎಂದರೆ, ತಪ್ಪು ಮಾಡಿದವಳ ಅಧಿಕಾರ ಅಷ್ಟೇ.

ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ಅವಳ ಅವ್ವ ಸೀರೆಗೆ ಕೊಂಡಿ ಹಾಕುವವಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕಬೇಕು. ಎಣಿಕೆ ಆ ಹುಡುಗಿಯ ರಕ್ತದಲ್ಲೇ ಇತ್ತು ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಅದೇ ಮನೆಯ ಅವಳ ಅಣ್ಣನಿಗೆ ಭಾಗಾಕಾರ ಬರುತ್ತಿರಲಿಲ್ಲ.

ಒಂದು ದಿನ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕಸೂತಿ ಹೇಳಿಕೊಡುತ್ತಿದ್ದೆ. ಗವಂತಿ ಹೊಲಿಗೆ. ಸೂಜಿ ಒಂದು ಮನೆ ಹಾಕಿ ಒಂದು ಮನೆ ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟ ಮನೆಗಳನ್ನು ತುಂಬುತ್ತ ತಿರುಗಿ ಬರುತ್ತದೆ. ಗಂಟು ಇರಬಾರದು, ಎರಡೂ ಮಗ್ಗುಲು ಒಂದೇ ತರಹ ಕಾಣಬೇಕು. ಗೋಪುರ ಮುಗಿಸಿ, ತುಳಸಿಕಟ್ಟೆ ಮುಗಿಸಿ, ಆ ಹುಡುಗಿ ಕೇಳಿದಳು: ‘ಅಕ್ಕಾರ, ಇವೆರಡೂ ಹೊಂಟಲ್ಲಿಗೇ ಬಂದು ಮುಗದ್ವು. ಎಂಥಾ ಚಿತ್ರ ತಗೊಂಡ್ರೂ ಹಿಂಗ ಮುಗಿತೈತಿ ಅಂತ ಖಾತ್ರಿ ಹೆಂಗ ಮಾಡೂದ್ರಿ?’

ನಾನು ‘ಮಾಡಿ ನೋಡಿದ್ರ ತಿಳಿತೈತಿ’ ಅಂದೆ. ‘ಎಷ್ಟು ಮಾಡಿ ನೋಡಿದ್ರೂ ಎಲ್ಲಾ ಚಿತ್ರ ಆಗೂದಿಲ್ಲಲ್ರಿ’ ಅಂದಳು.

ಶುದ್ಧ ಗಣಿತ ಎಂದರೆ ಏನು ಎಂದು ಕೇಳುವವರಿಗೆ ನಾನು ಈಗ ಈ ಮಾತನ್ನೇ ಹೇಳುತ್ತೇನೆ. ಈ ಸೀರೆ, ಆ ಸೀರೆ ಅಲ್ಲ. ಹಾಕಬಹುದಾದ ಎಲ್ಲ ಚಿತ್ರಗಳ ಬಗ್ಗೆ ಕೇಳುವುದು, ಸಾಧಿಸಿ ತೋರಿಸುವ ತನಕ ನಂಬದಿರುವುದು. ಅವಳ ಪ್ರಶ್ನೆ ದೊಡ್ಡ ಮನೆತನದ್ದೇ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತಬಹುದೇ ಎಂದು 1736ರ ಸುಮಾರಿಗೆ ಆಯ್ಲರ್ ವಿಚಾರ ಮಾಡಿದ. ಆಗುವುದಿಲ್ಲ ಎಂದು ತೋರಿಸಿದ. ಪ್ರತಿ ದಡಕ್ಕೂ ಕೂಡುವ ಸೇತುವೆಗಳ ಸಂಖ್ಯೆ ಬೆಸವಾಗಿತ್ತು. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ಸೂಜಿ ಎರಡು ಸಲ ಹಾಯುತ್ತದೆ. ಹೀಗಾಗಿ ಪ್ರತಿ ಕೂಡುವ ಜಾಗದಲ್ಲೂ ದಾರಿಗಳು ಸಮವೇ. ಚಿತ್ರ ನಡುವೆ ತುಂಡಾಗಿರದಿದ್ದರೆ ಹೊರಟಲ್ಲಿಗೆ ಬಂದೇ ಬರುತ್ತದೆ. ಇದನ್ನು ನನಗೆ ಗಣಿತ ಕಲಿಸುವ ಗೆಳತಿಯೊಬ್ಬಳು ಹೇಳಿದ್ದು, ತೀರಾ ತಡವಾಗಿ.

ಬಿ.ಎಸ್ಸಿ. ಮುಗಿಸಿ ಆ ಹುಡುಗಿ ಸಲಹೆ ಕೇಳಲು ಬಂದಳು. ಧಾರವಾಡಕ್ಕೆ ಹೋಗಿ ಎಂ.ಎಸ್ಸಿ., ಆಮೇಲೆ ಸಂಶೋಧನೆ ಎಂದಳು. ‘ಮೊದಲ ಬಿ.ಎಡ್. ಮುಗಿಸವಾ, ಆಮ್ಯಾಲೆ ನೋಡೂಣು’ ಎಂದೆ. ಆಮೇಲೆ ಏನೂ ನೋಡಲಾಗಲಿಲ್ಲ. ಮದುವೆಯಾಗಿ ಹುನಗುಂದಕ್ಕೆ ಹೋದಳು. ಈಚೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಿಕ್ಕಾಗ ಮಗುವನ್ನು ಸೊಂಟದ ಮೇಲೆ ಸರಿಸಿಕೊಂಡು ನಗುತ್ತ ಕೇಳಿದಳು: ‘ಅಕ್ಕಾರ, ಆ ಕಸೂತಿ ಲೆಕ್ಕದ ಉತ್ತರ ಸಿಕ್ತೇನ್ರಿ?’

ಉಪಯೋಗದ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನ ಹಾರ್ಡಿ ತನ್ನ ಗಣಿತದಿಂದ ಲೋಕಕ್ಕೆ ಏನೂ ಉಪಯೋಗವಿಲ್ಲ ಎಂದು 1940ರಲ್ಲಿ ಪುಸ್ತಕವನ್ನೇ ಬರೆದ. ಅವನಿಗೆ ಪ್ರಿಯವಾಗಿದ್ದ ಸಂಖ್ಯಾಶಾಸ್ತ್ರದ ಅವಿಭಾಜ್ಯ ಸಂಖ್ಯೆಗಳಿಂದಲೇ 1977ರಲ್ಲಿ ಗುಪ್ತಲಿಪಿಯ ಬೀಗ ಮಾಡಿದರು. ಅಂಥ ಬೀಗಗಳ ಭರವಸೆಯ ಮೇಲೆ ನಾವು ಇಂದು ಫೋನಿನಲ್ಲಿ ದುಡ್ಡು ಕಳಿಸುತ್ತೇವೆ. ಸಭೆಗಳಲ್ಲಿ ಈ ಉದಾಹರಣೆ ಹೇಳಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ನನಗೆ ಈ ವಾದ ಬೇಡ. ಇದನ್ನು ಒಪ್ಪಿದರೆ ಪ್ರತಿ ಹುಡುಗಿಯೂ ತನ್ನ ಲೆಕ್ಕ ಮುಂದೆ ಯಾರ ಕಿಸೆಗೆ ಕಾವಲು ಕೂಡುತ್ತದೆ ಎಂದು ಮೊದಲೇ ಬರೆದು ಕೊಡಬೇಕಾಗುತ್ತದೆ. ಐಹೊಳೆಯ ಮೇಗುತಿ ಗುಡಿಯನ್ನು ನೋಡಿ ಇದರ ಉಪಯೋಗವೇನು ಎಂದು ಯಾರೂ ಕೇಳುವುದಿಲ್ಲ.

ಹಾಗೆಂದು ಹಾದಿ ಸುಲಭ ಎನ್ನುವವಳಲ್ಲ ನಾನು. ಕನ್ನಡದಲ್ಲಿ ಓದಿದ ಮಗು ಇಂಗ್ಲಿಷಿನ ಗೋಡೆ ಹತ್ತಬೇಕು. ಸಂಶೋಧನೆಗೆ ಐದಾರು ವರ್ಷ ಹಿಡಿಯುತ್ತದೆ. ಎಲ್ಲರೂ ಪರೀಕ್ಷೆ ಪಾಸಾಗುವುದಿಲ್ಲ. ಆದರೆ ‘ಅಪ್ಪ ಎಷ್ಟು ವರ್ಷ ಸಾಕಬೇಕು’ ಎನ್ನುವವರು ಲೆಕ್ಕ ಮಾಡಿದ್ದಾರೆಯೇ? 2015ರಿಂದ ಬಿ.ಎಡ್. ಕೂಡ ಎರಡು ವರ್ಷ, ಎಂ.ಎಸ್ಸಿ.ಯೂ ಎರಡು ವರ್ಷ. ಸಿ.ಎಸ್.ಐ.ಆರ್. ಫೆಲೋಶಿಪ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, 2023ರಲ್ಲಿ ಹೆಚ್ಚಿಸಿದ್ದು. ಉನ್ನತ ಗಣಿತಕ್ಕಾಗಿಯೇ 1983ರಲ್ಲಿ ಅಣುಶಕ್ತಿ ಇಲಾಖೆಯಡಿ ರಾಷ್ಟ್ರೀಯ ಮಂಡಳಿ ಮಾಡಿದ್ದಾರೆ, ಅದೂ ವಿದ್ಯಾರ್ಥಿವೇತನ ಕೊಡುತ್ತದೆ. ನಮ್ಮಂಥ ಶಿಕ್ಷಕರಿಗೇ ಇದು ಗೊತ್ತಿಲ್ಲ. ಗೊತ್ತಿಲ್ಲದೆ ಸಲಹೆ ಕೊಡುತ್ತೇವೆ.

ಗೋಕಾಕ ತಾಲೂಕಿನ ಮಮದಾಪುರದ ಡಿ. ಸಿ. ಪಾವಟೆಯವರು ಧಾರವಾಡದಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದರು. ಅವರನ್ನು ನಾವು ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿ ಎಂದು, ಪಂಜಾಬಿನ ರಾಜ್ಯಪಾಲರು ಎಂದು ನೆನೆಯುತ್ತೇವೆ. ಕುರ್ಚಿ ನೆನಪಿದೆ, ಗಣಿತ ಮರೆತಿದೆ.

ಭಾಸ್ಕರಾಚಾರ್ಯ ನಮ್ಮ ವಿಜಯಪುರದವನೋ ಮಹಾರಾಷ್ಟ್ರದವನೋ ಎಂದು ಇನ್ನೂ ಜಗಳವಾಡುತ್ತೇವೆ. ಅವನ ಲೀಲಾವತಿ 1150ರದು. ಮುಹೂರ್ತ ತಪ್ಪಿ ಮದುವೆ ನಿಂತುಹೋದ ಮಗಳ ಸಮಾಧಾನಕ್ಕೆ ಅಪ್ಪ ಅದನ್ನು ಬರೆದ ಎಂಬ ಕಥೆ ಬರುವುದು 1587ರಲ್ಲಿ ಫೈಜಿ ಮಾಡಿದ ಪಾರಸಿ ಅನುವಾದದಲ್ಲಿ. ನಾಲ್ಕುನೂರು ವರ್ಷ ಆದಮೇಲೆ ಹುಟ್ಟಿದ ಕಥೆ ನಮಗೆಷ್ಟು ಹಿಡಿಸಿದೆ ನೋಡಿ! ಗಂಡ ಸಿಗದವಳಿಗೆ ಗಣಿತ. ಹುಡುಗಿ ಲೆಕ್ಕ ಇಷ್ಟವಾಗಿ ಕಲಿತಿರಬಹುದು ಎಂದು ಯಾರಿಗೂ ತೋಚಲಿಲ್ಲ.

ಈ ವರ್ಷ ಮತ್ತೊಬ್ಬಳಿದ್ದಾಳೆ. ಅವಳೂ ಇಳಕಲ್ಲಿನವಳೇ. ಹೋದ ವಾರ ಅವಳ ಮನೆಗೆ ಹೋಗಿದ್ದೆ. ಅಪ್ಪ ಮಗ್ಗದಿಂದ ಏಳಲಿಲ್ಲ. ‘ನಿಮ್ಮ ಮಗಳಾಗಿದ್ರ ಕಳಸ್ತಿದ್ರೇನ್ರಿ, ಅಕ್ಕಾರ?’ ಎಂದ. ನನಗೆ ಇರುವುದು ಒಬ್ಬ ಮಗ, ಅವನನ್ನು ಇಂಜಿನಿಯರಿಂಗ್‌ಗೆ ಕಳಿಸುವಾಗ ಈ ಪ್ರಶ್ನೆ ಯಾರೂ ಕೇಳಲಿಲ್ಲ ಎಂದೆ. ಅವನು ಮಾತಾಡಲಿಲ್ಲ. ಲಾಳಿಯ ಸದ್ದು ನಿಂತಿತ್ತು. ಹುಡುಗಿಯ ಅವ್ವ ಚಹಾದ ಕಪ್ಪು ಇಟ್ಟು, ಸ್ವಲ್ಪ ಹೊತ್ತು ನಿಂತು, ಕೇಳಿದಳು:

‘ಧಾರವಾಡದ ಹಾಸ್ಟೆಲ್‌ನಾಗ ಜ್ವಾಳದ ರೊಟ್ಟಿ ಕೊಡ್ತಾರೇನ್ರಿ?’